ಕೆರೆಯಂಗಳದ ಹಾಕಿ

ಈ ಭಾಷಣದ ಹೆಸರನ್ನು ಕೇಳಿದೊಡನೆ ಶ್ರೋತೃಗಳಲ್ಲಿ ಕೆಲವರಿಗಾದರೂ ಸಂದೇಹವುಂಟಾಗಿರಬಹುದು. ಕೆರೆಯಲ್ಲಿ ಈಜುವುದುಂಟು, ಮೀನು ಹಿಡಿಯುವುದುಂಟು, ಎಮ್ಮೆಗಳ ಮೈ ತೊಳೆಯುವುದುಂಟು. ಹಾಕಿಯಾಡುವುದು ಎಲ್ಲಿಯಾದರೂ ಉಂಟೆ? ಉಂಟು. ಕೆನಡ ಮೊದಲಾದ ಶೀತದೇಶಗಳಲ್ಲಿ ಚಳಿಗಾಲ ಬಂದಿತೆಂದರೆ ಕೆರೆಯೇ ಆಟದ ಬಯಲು. ನೀರು ಹೆಪ್ಪುಗಟ್ಟಿ ಕಲ್ಲಿನ ನೆಲದಂತಾಗುತ್ತದೆ. ಹುಡುಗರು ಅದರ ಮೇಲಿನ ಹಿಮವನ್ನು ಸಲಿಕೆಗಳಿಂದ ಬದಿಗೆ ಒತ್ತಿ, ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆಗಳನ್ನು ಕಟ್ಟಿಕೊಂಡು, ಬಾಗಿದ ಕೋಲುಗಳಿಂದ ಒಂದು ಚಪ್ಪಟೆಯಾದ ರಬ್ಬರಿನ ಬಿಲ್ಲೆಯನ್ನು ಅಟ್ಟಿಕೊಂಡು ಕತ್ತಲಾಗುವವರೆಗೆ ಓಡಾಡುತ್ತಾರೆ. ನಾವು ಆಡಿದುದೂ ಕೆರೆಯಲ್ಲಿಯೇ, ಚಳಿಗಾಲದಲ್ಲಿಯೇ. ಆದರೆ ನಮ್ಮ ಊರು ಬೆಳಗಾವಿ ಜಿಲ್ಲೆಯ ಖಾನಾಪುರ. ಅಲ್ಲಿ ಚಳಿಗಾಲವು ಕೆರೆಯನ್ನು ಹೆಪ್ಪುಗಟ್ಟಿಸುವುದಿಲ್ಲ, ಬರಿದು ಮಾಡುತ್ತದೆ. ಈ ಎರಡು ಕೆರೆಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ನಮ್ಮ ಆಸೆ.

ಮೊದಲು ಹೆಪ್ಪುಗಟ್ಟುವ ಕೆರೆಯ ಸಂಗತಿ. ತಣ್ಣಗಾಗುವ ಪದಾರ್ಥಗಳು ಕುಗ್ಗುವುದು ಪ್ರಕೃತಿನಿಯಮ. ನೀರೂ ಕುಗ್ಗುತ್ತದೆ, ಆದರೆ ಸೆಂಟಿಗ್ರೇಡಿನ 4 ಡಿಗ್ರಿಯವರೆಗೆ ಮಾತ್ರ. ಅಲ್ಲಿಂದಾಚೆಗೆ ಇನ್ನೂ ತಣ್ಣಗಾದರೆ ಹಿಗ್ಗತೊಡಗುತ್ತದೆ. ಹಿಗ್ಗಿದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆಯಾದುದರಿಂದ ಕೆರೆಯು ಮೇಲಿನಿಂದ ಕೆಳಕ್ಕೆ ಗಡ್ಡೆಗಟ್ಟುತ್ತದೆ. ಮಂಜಿನ ಹಾಸಿನ ಕೆಳಗೆ ಮೀನುಗಳು ಬದುಕಿರುತ್ತವೆ, ಮೇಲೆ ಮಕ್ಕಳು ಆಡುತ್ತಿರುತ್ತಾರೆ. ನೀರು ಮಿಕ್ಕ ಪದಾರ್ಥಗಳಂತೆ ನಡೆದುಕೊಂಡು ತಳದಿಂದ ಹೆಪ್ಪುಗಟ್ಟುವುದಾಗಿದ್ದರೆ ಮೀನಿಗೂ ಉಳಿವಿರಲಿಲ್ಲ, ಹಾಕಿಗೂ ಇರಲಿಲ್ಲ. ಈ ಹಾಸು ಎಷ್ಟು ದಪ್ಪವಾಗಿರಬೇಕೆಂಬುದೇ ಮುಖ್ಯವಾದ ಪ್ರಶ್ನೆ. ಒಬ್ಬನೇ ನಡೆಯುವುದಕ್ಕೆ 15 ಸೆಂಟಿಮೀಟರ್, ಗುಂಪಾಗಿ ಆಡುವುದಕ್ಕೆ 20 ಸೆಂಟಿಮೀಟರ್ ಎಂದು ಕೆನಡದ ರೆಡ್ ಕ್ರಾಸ್ ಸಂಸ್ಥೆಯು ಬುದ್ಧಿ ಹೇಳುತ್ತದೆ. ಅದಕ್ಕಿಂತ ತೆಳುವಾದರೆ ಮೇಲಿನವರು ಕೆಳಗಿನ ಮೀನುಗಳನ್ನು ಸೇರಬೇಕಾದೀತು.

ಈ ಆಟವನ್ನು ಅಲ್ಲಿಯ ಜನ ಶಿನ್ನಿ ಎನ್ನುತ್ತಾರೆ. ನಮ್ಮ ಚಿಣ್ಣಿದಾಂಡಿನ ಚಿಣ್ಣಿಗೂ ಇದಕ್ಕೂ ನಂಟಿಲ್ಲ. ಸ್ಕಾಟ್ಲೆಂಡಿನ ಶಿಂಟಿ ಎಂಬ ಆಟದ ಹೆಸರೇ ಹೀಗೆ ಮಾರ್ಪಟ್ಟಿತೆಂದು ಹೇಳುವರು. 1875ರ ಮಾರ್ಚಿ 3ರಂದು ಮಾಂಟ್ರಿಯಾಲ್ ನಗರದ ಒಂದು ಕಟ್ಟಡದೊಳಗೆ ಇದೇ ಆಟವನ್ನು ಎಣಿಸಿದ ಆಟಗಾರರಿಂದ, ಮುಂದಾಗಿ ಪ್ರಕಟಣೆ ಹೊರಡಿಸಿ ಆಡಿಸಿದರು. ಅಂದಿನಿಂದ ಅದು ಐಸ್ ಹಾಕಿಯಾಗಿ ಬೆಳೆದು, ಸಂಘ, ಸಂಬಳ, ತೀರ್ಪುಗಾರ, ಟಿಕೀಟು ಎಲ್ಲವನ್ನೂ ಸಂಪಾದಿಸಿತು. ಕೆರೆಯಲ್ಲಿ ಮಾತ್ರ ಹಳೆಯ ಪದ್ಧತಿಯೇ ಉಳಿಯಿತು. ತೀರ್ಪುಗಾರನಿಲ್ಲ, ಎದೆಗಾಪು ಮೊಳಕಾಲುಗಾಪುಗಳಿಲ್ಲದುದರಿಂದ ಬಿಲ್ಲೆಯನ್ನು ಎತ್ತರಕ್ಕೆ ಹಾರಿಸಕೂಡದು, ಎರಡು ಬೂಟುಗಳನ್ನಿಟ್ಟರೆ ಅದೇ ಗೋಲು. ಪಕ್ಷಗಳನ್ನು ಹಂಚಿಕೊಳ್ಳುವ ರೀತಿಯಂತೂ ಬಹು ಸೊಗಸಾದುದು. ಎಲ್ಲರೂ ತಮ್ಮ ಕೋಲುಗಳನ್ನು ನಡುವೆ ರಾಶಿ ಹಾಕುತ್ತಾರೆ. ಒಬ್ಬನು ನೋಡದೆ ಅವುಗಳನ್ನು ಒಂದೊಂದಾಗಿ ಎಡಕ್ಕೂ ಬಲಕ್ಕೂ ಎಸೆಯುತ್ತಾನೆ. ಯಾರ ಕೋಲು ಯಾವ ಕಡೆಗೆ ಬಿದ್ದಿತೋ ಅವನು ಆ ಪಕ್ಷ. ಕಡೆಯವನಾಗಿ ಉಳಿದು ಯಾರಿಗೂ ಬೇಡವಾಗುವ ಅವಮಾನವು ಅಲ್ಲಿ ಯಾವ ಹುಡುಗನಿಗೂ ಇಲ್ಲ. ನಮ್ಮ ದೇಶದಲ್ಲಿಯೂ ಲಡಾಖಿನ ಲೇಹ್ ಪಟ್ಟಣದಲ್ಲಿ ಸೈನಿಕರೂ ಊರಿನವರೂ ಹೆಪ್ಪುಗಟ್ಟಿದ ಕೊಳದ ಮೇಲೆಯೇ ಈ ಆಟವನ್ನು ಕಲಿತರೆಂಬುದನ್ನು ಇಲ್ಲಿ ನೆನೆಯಬೇಕು.

ಇನ್ನು ಖಾನಾಪುರಕ್ಕೆ ಬರೋಣ. ಬೆಳಗಾವಿಯಿಂದ ತೆಂಕಣಕ್ಕೆ ರೈಲಿನಲ್ಲಿ ಹೊರಟರೆ, ಲೋಂಡಾ ಜಂಕ್ಷನ್ನಿಗೆ ಮೊದಲು ಸಿಕ್ಕುವ ಊರು. ಪಶ್ಚಿಮಕ್ಕೆ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಊರಿನ ಪಕ್ಕದಲ್ಲಿಯೇ ಹರಿಯುತ್ತಾಳೆ. ಮುಂಗಾರಿನಲ್ಲಿ ಅಲ್ಲಿ ಬೀಳುವ ಮಳೆಯನ್ನು ಮೈಸೂರಿನವರಿಗೆ ವರ್ಣಿಸಿ ನಂಬಿಸುವುದು ಕಷ್ಟ. ಜೂನಿನಿಂದ ಸೆಪ್ಟೆಂಬರಿನವರೆಗೆ ಹುಡುಗರಿಗೆ ಆಟವೆಂದರೆ ಪಡಸಾಲೆಯ ಚೌಕಾಬಾರ ಒಂದೇ. ಬತ್ತದ ಕೊಯಿಲು ಮುಗಿದು, ಕಾರ್ತಿಕದ ಬೆಳಗಿನಲ್ಲಿ ಬಾಯಿಂದ ಹೊಗೆಯಾಡುವಂಥ ಚಳಿ ಇಳಿಯುವ ಹೊತ್ತಿಗೆ ಗದ್ದೆಗಳು ಬಯಲಾಗುತ್ತಿದ್ದುವು. ನಾವು ಹೇಳುತ್ತಿರುವುದು 1960ರ ದಶಕದ ಕೊನೆಯ ಚಳಿಗಾಲಗಳ ಮಾತು.

ಮೊದಲು ಆಟ ಹೂಡುತ್ತಿದ್ದುದು ಗದ್ದೆಯಲ್ಲಿ. ಆದರೆ ಗದ್ದೆಯ ಆಟದಲ್ಲಿ ಸುಖವಿರಲಿಲ್ಲ. ಕೊಯ್ದ ಬತ್ತದ ಕೂಳೆಗಳು ಅಂಗಾಲಿಗೆ ಚುಚ್ಚುತ್ತಿದ್ದುವು. ಚೆಂಡು ಪ್ರತಿಯೊಂದು ಕೂಳೆಗೂ ಢಿಕ್ಕಿ ಹೊಡೆದು ತನ್ನ ಮನಸ್ಸು ಬಂದತ್ತ ತಿರುಗುತ್ತಿತ್ತು. ಎಷ್ಟು ಬಲವಾಗಿ ಹೊಡೆದರೂ ಹತ್ತು ಮಾರು ಹೋಗುತ್ತಿರಲಿಲ್ಲ. ಸಂಕ್ರಾಂತಿಯಾದ ಮೇಲೆ ನಮ್ಮ ಕಣ್ಣೆಲ್ಲ ಊರಾಚೆಯ ಕೆರೆಯ ಮೇಲೆ. ದೊಡ್ಡ ಕೆರೆಯೇನೂ ಅಲ್ಲ. ಏರಿಯ ಕೆಳಗಿನ ನಾಲ್ಕು ಗದ್ದೆಗಳಿಗೆ ನೀರುಣಿಸಿ, ಬೇಸಗೆಗೆ ಮುಂಚೆಯೇ ಬಹುಪಾಲು ಬತ್ತುವಂಥದು. ತೂಬಿನ ಕಡೆಗೆ ಆಳ, ಎದುರು ದಂಡೆಯಲ್ಲಿ ಇಳಿಜಾರು. ನೀರು ಆ ಇಳಿಜಾರಿನಿಂದ ದಿನಕ್ಕಿಷ್ಟು ಹಿಂದೆಗೆದುಕೊಂಡು ಹೋಗುತ್ತಿತ್ತು; ಹೋದಲ್ಲೆಲ್ಲ ನುಣುಪಾದ ಹೂಳಿನ ನೆಲವನ್ನು ಬಿಟ್ಟು ಹೋಗುತ್ತಿತ್ತು. ಖಾನಾಪುರದ ಜೇಡಿಯ ಗುಣವನ್ನು ಹಂಚಿನ ಕಾರ್ಖಾನೆಯವರೂ ಕುಂಬಾರರೂ ಬಲ್ಲರು. ಗಡಿಗೆಗೂ ಹೆಂಚಿಗೂ ಒಗ್ಗುವ ಆ ಮಣ್ಣು ಹತ್ತು ದಿನದ ಬಿಸಿಲು ಕಂಡರೆ ಗಚ್ಚಿನಂತೆ ಗಟ್ಟಿಯಾಗುತ್ತದೆ. ಅದರ ಮೇಲೆ ಚೆಂಡು ಓಡುವ ಓಟವನ್ನು ಕಂಡರೆ ಗದ್ದೆಯ ಆಟವು ಆಟವೇ ಅಲ್ಲವೆನಿಸುತ್ತಿತ್ತು.

ಆದರೆ ಈ ನೆಲದ ಆಯುಷ್ಯ ಸ್ವಲ್ಪ. ತೀರ ಹಸಿಯಾಗಿದ್ದರೆ ಕಾಲು ಹೂಳುತ್ತದೆ. ತೀರ ಒಣಗಿದರೆ ಬಿರುಕು ಬಿಡುತ್ತದೆ. ಬಿರುಕು ಬೆರಳಗಲವಾಗುವವರೆಗೆ ಆಡಬಹುದು. ಅಂಗೈಯಗಲವಾದರೆ ಚೆಂಡು ಅದರೊಳಗೆ ಇಳಿದು ಕುಳಿತುಬಿಡುವುದು, ಕಾಲೂ ಉಳುಕುವುದು. ಆಗ ಆಟವನ್ನು ಕೆಳಕ್ಕೆ, ಹೊಸದಾಗಿ ಒಣಗಿದ ಪಟ್ಟಿಗೆ ಸಾಗಿಸಬೇಕು. ಹೀಗೆ ನಮ್ಮ ಬಯಲು ವಾರವಾರಕ್ಕೂ ನೀರಿನ ಹಿಂದೆ ಹಿಂದೆ ಇಳಿಯುತ್ತ ಶಿವರಾತ್ರಿಯ ಹೊತ್ತಿಗೆ ತೂಬಿನ ಸಮೀಪಕ್ಕೆ ಬಂದು ಮುಗಿಯುತ್ತಿತ್ತು. ಬೆಳಗಿನ ಇಬ್ಬನಿಯಿಂದ ಮೇಲ್ಪದರ ಜಾರುತ್ತಿದ್ದುದರಿಂದ ಆಟವೆಲ್ಲ ಸಾಯಂಕಾಲ. ಬಯಲು ಯಾರದೆಂದು ಯಾರೂ ಕೇಳುತ್ತಿರಲಿಲ್ಲ. ಮಳೆಗಾಲದಲ್ಲಿ ಅದು ನೀರಿನದು, ಬೇಸಗೆಯಲ್ಲಿ ದನಗಳದು. ನಡುವಿನ ಆರೇಳು ವಾರ ನಮ್ಮದು.

ಕೋಲುಗಳು ಪೇರಲ ಗಿಡದವು. ತುದಿಯಲ್ಲಿ ಕೊಕ್ಕೆಯಂತೆ ಬಾಗಿದ ಕವಲನ್ನು ಶ್ರಾವಣದಲ್ಲಿಯೇ ಗುರುತಿಟ್ಟುಕೊಂಡು, ಕಡಿದ ಮೇಲೆ ಅಟ್ಟದಲ್ಲಿ ಒಲೆಯ ಹೊಗೆಗೆ ಒಣಗಹಾಕುತ್ತಿದ್ದೆವು. ಯಾರ ಮನೆಯ ಪೇರಲವೆಂಬ ಪ್ರಶ್ನೆಯನ್ನು ಶ್ರೋತೃಗಳು ಕೇಳದಿರುವುದು ಉತ್ತಮ. ಚೆಂಡು ಬಿದಿರಿನ ಬೇರುಗಡ್ಡೆಯನ್ನು ಕೆತ್ತಿ ದುಂಡಗೆ ಮಾಡಿದುದು. ಪೋಲೋ ಆಟದ ಚೆಂಡನ್ನು ಹಿಂದಿನವರು ಇದರಿಂದಲೇ ಮಾಡುತ್ತಿದ್ದರೆಂದು ಬಹುಕಾಲದ ಮೇಲೆ ಓದಿ, ನಮ್ಮ ಬುದ್ಧಿಗೆ ನಾವೇ ಮೆಚ್ಚಿದೆವು. ಪಕ್ಷ ಹಂಚುವುದಕ್ಕೆ ಇಬ್ಬರು ನಾಯಕರು ಕುಳಿತುಕೊಳ್ಳುವರು. ಮಿಕ್ಕವರು ಜೋಡಿಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು, ಹುಲಿ ಬೇಕೋ ಸಿಂಹ ಬೇಕೋ ಎಂದು ಕೇಳುವರು. ಕೆನಡದ ಕೋಲಿನ ರಾಶಿಗೂ ನಮ್ಮ ಹುಲಿಸಿಂಹಗಳಿಗೂ ಉದ್ದೇಶವೊಂದೇ ಎಂಬುದನ್ನು ವಿವರಿಸಬೇಕಾದುದಿಲ್ಲ. ಚೆಂಡು ಮೊಳಕಾಲಿನ ಮೇಲಕ್ಕೆ ಏಳಕೂಡದೆಂಬ ಕಟ್ಟಳೆಯೂ ನಮ್ಮಲ್ಲಿತ್ತು. ಅದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಮೊದಲನೆಯ ದಿನ ಒಬ್ಬನ ಹುಬ್ಬು ಒಡೆದು ನಾವೇ ಕಲಿತುಕೊಂಡೆವು. ಕೂಗಾಟವೆಲ್ಲ ಅರ್ಧ ಕನ್ನಡ, ಅರ್ಧ ಮರಾಠಿ. ಚೆಂಡನ್ನು ಕೇಳುವಾಗ ಒಂದು ಭಾಷೆ, ಜಗಳವಾಡುವಾಗ ಇನ್ನೊಂದು. ಯಾವುದು ಯಾವುದಕ್ಕೆಂಬ ನಿಯಮವಿರಲಿಲ್ಲ.

ಹಳ್ಳಿಯ ಹುಡುಗರಿಗೆ ಹಾಕಿಯ ಹುಚ್ಚು ಎಲ್ಲಿಂದ ಬಂದಿತೆಂದು ಕೇಳಬಹುದು. ಅದಕ್ಕೆ ಕಾರಣ ಬೆಳಗಾವಿಯ ಕ್ಯಾಂಪು. 1818ರಲ್ಲಿ ಬೆಳಗಾವಿಯ ಕೋಟೆಯು ಇಂಗ್ಲಿಷರ ವಶವಾದ ಮೇಲೆ ಅಲ್ಲಿ ದಂಡು ನೆಲಸಿತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವೂ ಅಲ್ಲಿಯೇ ನೆಲೆಗೊಂಡಿತು. ಪಲ್ಟಣಿದ್ದಲ್ಲಿ ಹಾಕಿಯಿರುವುದು ನಮ್ಮ ದೇಶದ ವಾಡಿಕೆ. ಈ ಪಲ್ಟಣಿನ ಸೈನಿಕ ಶಂಕರ ಲಕ್ಷ್ಮಣರು 1956, 1960, 1964ರ ಮೂರು ಒಲಿಂಪಿಕ್ಸುಗಳಲ್ಲಿ ಭಾರತದ ಗೋಲನ್ನು ಕಾಯ್ದು ಎರಡು ಚಿನ್ನದ ಪದಕಗಳನ್ನೂ ಒಂದು ಬೆಳ್ಳಿಯ ಪದಕವನ್ನೂ ಪಡೆದರು. 1964ರ ಟೋಕಿಯೋ ಪಂದ್ಯದ ಕಡೆಯ ದಿನ ಪಾಕಿಸ್ತಾನದ ಮೇಲೆ ಭಾರತ ಗೆದ್ದುದು ಒಂದೇ ಗೋಲಿನಿಂದ. ಆ ಒಂದು ಗೋಲು ಸಾಕಾದುದು ಅವರು ಗೋಲಿನಲ್ಲಿ ಗೋಡೆಯಂತೆ ನಿಂತುದರಿಂದ. ಅದೇ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರೂ ಇದ್ದರು. ಈ ಸುದ್ದಿ ನಮ್ಮ ಕಡೆ ಎಷ್ಟು ವರ್ಷಗಳವರೆಗೆ ಹಳೆಯದಾಗಲಿಲ್ಲವೆಂದರೆ, ಬೇರೆ ಊರುಗಳಲ್ಲಿ ಎಲ್ಲರಿಗಿಂತ ಚಿಕ್ಕವನನ್ನು ಗದರಿಸಿ ಗೋಲಿನಲ್ಲಿ ನಿಲ್ಲಿಸುವಂತಿದ್ದರೆ, ನಮ್ಮಲ್ಲಿ ಗೋಲಿನಲ್ಲಿ ನಿಲ್ಲುವುದಕ್ಕೇ ಜಗಳ.

ಇಷ್ಟಾದರೂ ಆ ಬಯಲಿನಲ್ಲಿ ಒಂದು ಅಪಾಯವಿತ್ತು. ತೂಬಿನ ಕಡೆಯ ನೀರಿಗೂ ಗಟ್ಟಿ ನೆಲಕ್ಕೂ ನಡುವೆ ಇಪ್ಪತ್ತು ಮೂವತ್ತು ಮಾರಿನ ಒಂದು ಪಟ್ಟಿ. ಮೇಲೆ ಬೂದುಬಣ್ಣದ ಒಣ ಹೊದಿಕೆ. ನೋಡುವುದಕ್ಕೆ ಆಟದ ನೆಲದಂತೆಯೇ ಇರುತ್ತಿತ್ತು. ಕೆಳಗೆ ಎದೆಯಾಳದ ಕೆಸರು. ಒಂದು ಸಾಯಂಕಾಲ ಚೆಂಡು ಅತ್ತ ಉರುಳಿತು. ನಮ್ಮಲ್ಲೊಬ್ಬ, ಹನ್ನೊಂದು ವರ್ಷದವನು, ಓಡಿದ. ಹತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ ಹೊದಿಕೆ ಒಡೆದು ತೊಡೆಯವರೆಗೆ ಇಳಿದ. ನಾವು ಮೊದಲು ನಕ್ಕೆವು. ಅವನು ಕಾಲು ಕೀಳಲು ಹೆಣಗಿದಷ್ಟೂ ಇಳಿಯುತ್ತಿದ್ದ, ಸೊಂಟ ಮುಚ್ಚಿತು, ನಗು ನಿಂತಿತು. ಇಬ್ಬರು ಅತ್ತ ಧಾವಿಸಿದರು. ಅವರ ಕಾಲೂ ಇಳಿಯತೊಡಗಿತು. ಅಷ್ಟರಲ್ಲಿ ಕೆಳಗದ್ದೆಯಲ್ಲಿದ್ದ ಮುದುಕನೊಬ್ಬನು ಏರಿಯ ಮೇಲೆ ಬಂದು ಕೂಗಿದ:

“ನಿಂತ್ ಹೋಗಬ್ಯಾಡ್ರೋ! ಮಲಕೊಳ್ರಿ, ಹೊಟ್ಟೀ ಮ್ಯಾಲ ಮಲಕೊಳ್ರಿ! ಕೋಲ್ ಕೊಡ್ರೋ ಅವ್ಗ!”

ನಾವು ಬೋರಲಾಗಿ ಮಲಗಿದೆವು. ಒಬ್ಬನ ಕಾಲನ್ನು ಇನ್ನೊಬ್ಬನು ಹಿಡಿದು ಸಾಲಾಗಿ ತೆವಳಿದೆವು. ಮುಂದಿನವನು ತನ್ನ ಕೋಲಿನ ಕೊಕ್ಕೆಯನ್ನು ಚಾಚಿದ. ಕೆಸರಿನಲ್ಲಿದ್ದವನು ತನ್ನ ಕೋಲಿನ ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿದ. ಪೇರಲ ಮುರಿಯಲಿಲ್ಲ. ಎಷ್ಟು ಹೊತ್ತು ಎಳೆದೆವೋ ತಿಳಿಯದು. ಅವನು ಹೊರಬಂದಾಗ ಚಡ್ಡಿ ಕೆಸರಿನಲ್ಲಿಯೇ ಉಳಿದಿತ್ತು. ಆದರೆ ಆಗ ಯಾರಿಗೂ ನಗು ಬರಲಿಲ್ಲ. ಮಂಜಿನ ಕೆರೆ ಒಡೆದು ನೀರಿಗೆ ಬಿದ್ದವನನ್ನು ಎತ್ತುವುದಕ್ಕೂ ಇದೇ ಉಪಾಯವನ್ನು ಹೇಳುತ್ತಾರೆ: ನಿಂತು ಹೋಗಬೇಡಿ, ಮಲಗಿ ಭಾರವನ್ನು ಹರಡಿ, ಹಾಕಿಯ ಕೋಲನ್ನು ಚಾಚಿ. ಆ ಮುದುಕನು ಮಂಜಿನ ಕೆರೆಯನ್ನು ಕಂಡವನಲ್ಲ. ಕೆಸರಿಗೆ ಬಿದ್ದ ಎಮ್ಮೆಗಳನ್ನು ಕಂಡವನು.

ಆ ರಾತ್ರಿ ಮನೆಗಳಲ್ಲಿ ನಮಗೆ ಸಂದ ಸನ್ಮಾನವನ್ನು ಬಿಟ್ಟುಬಿಡೋಣ. ಮರುದಿನ ಆಟ ನಿಲ್ಲುವುದು ನಿಶ್ಚಯವೆಂದುಕೊಂಡಿದ್ದೆವು. ಹಿರಿಯರು ಕೆಲವರು ಕೆರೆಯತ್ತ ಸುಳಿಯಕೂಡದೆಂದು ಅಪ್ಪಣೆ ಮಾಡಿದ್ದೂ ಆಗಿತ್ತು. ಸಂಜೆಗೆ ಅಂಜುತ್ತ ಹೋಗಿ ನೋಡಿದರೆ ಆ ಅಜ್ಜನು ಕೆರೆಯಂಗಳದಲ್ಲಿ ನಿಂತು ಬಿದಿರಿನ ಗಳಗಳನ್ನು ಸಾಲಾಗಿ ನೆಡುತ್ತಿದ್ದ. ತನ್ನ ಊರುಗೋಲನ್ನು ನೆಲಕ್ಕೆ ಒತ್ತುವನು. ಗೇಣುದ್ದ ಇಳಿದರೆ ಒಂದು ಮಾರು ಹಿಂದಕ್ಕೆ ಬಂದು ಮತ್ತೆ ಒತ್ತುವನು. ಇಳಿಯದ ಕಡೆ ಗಳ ನೆಡುವನು. ನಮ್ಮನ್ನು ಕಂಡು, “ಇದರ ಆಚಿಗೆ ಚೆಂಡ ಹೋತಂದ್ರ ಅದು ಕೆರೀದು. ಈಚಿಗೆ ನಿಮ್ದು. ತಿಳೀತಿಲ್ಲೋ?” ಎಂದ. ನಾವು “ಹೂಂ ಅಜ್ಜಾ” ಎಂದೆವು. ಮುಂದೆ ಪ್ರತಿ ಸೋಮವಾರವೂ ಅವನು ಗಳಗಳನ್ನು ಕಿತ್ತು ನೀರು ಇಳಿದಷ್ಟು ಕೆಳಗೆ ನೆಡುತ್ತಿದ್ದ. ಆಟವನ್ನು ಒಂದು ದಿನವೂ ನಿಂತು ನೋಡಿದವನಲ್ಲ. ಆ ವರ್ಷ ಗೆರೆಯ ಆಚೆಗೆ ಹೋದ ನಾಲ್ಕು ಚೆಂಡುಗಳನ್ನು ನಾವು ಕೆರೆಗೇ ಬಿಟ್ಟೆವು. ಶೀತದೇಶಗಳ ಊರುಗಳಲ್ಲಿ ಕೊರೆಯುವ ಯಂತ್ರದಿಂದ ಮಂಜಿನ ದಪ್ಪವನ್ನು ಅಳೆದು, ಆಡಬಹುದು ಆಡಬಾರದು ಎಂಬ ಹಲಗೆ ನಿಲ್ಲಿಸುವ ನೌಕರರನ್ನು ಕುರಿತು ಓದಿದಾಗಲೆಲ್ಲ ನಮಗೆ ಆ ಊರುಗೋಲೇ ನೆನಪಿಗೆ ಬರುತ್ತದೆ.

ಆ ಕೆರೆ ಈಗ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಅದರ ಹೂಳನ್ನು ಯಂತ್ರಗಳಿಂದ ತೆಗೆಯಿಸಿದರು. ನೀರು ಬೇಸಗೆಯವರೆಗೂ ನಿಲ್ಲುತ್ತದೆ; ಕೆಳಗಿನ ಬಾವಿಗಳು ಬತ್ತುವುದಿಲ್ಲ. ದಂಡೆಗಳು ಕಡಿದಾಗಿ ನೇರ ಕೆಳಕ್ಕೆ ಇಳಿಯುವುದರಿಂದ ನೀರು ಸರಿದರೂ ಆಡತಕ್ಕ ನೆಲ ಕಾಣುವುದಿಲ್ಲ. ಬತ್ತದ ಗದ್ದೆಗಳಲ್ಲಿ ಕೆಲವು ಕಬ್ಬಿನ ತೋಟಗಳಾಗಿವೆ. ಕಬ್ಬು ಹನ್ನೆರಡು ತಿಂಗಳೂ ನೆಲವನ್ನು ಬಿಡುವುದಿಲ್ಲ. ಇವೆರಡರಲ್ಲಿ ಯಾವುದನ್ನೂ ನಾವು ದೂಷಿಸಲಾರೆವು. ಕೆರೆಯು ಇರುವುದು ನೀರಿಗಾಗಿ, ಗದ್ದೆಯು ಇರುವುದು ಬೆಳೆಗಾಗಿ. ಹಾಕಿಗಾಗಿ ಎರಡೂ ಹುಟ್ಟಿದುವಲ್ಲ. ಒಳ್ಳೆಯ ಕೆಲಸವೊಂದು ನಡೆದು ಅದರಿಂದ ದುಃಖವಾದರೆ ಆ ದುಃಖವನ್ನು ಯಾರಲ್ಲಿ ಹೇಳಿಕೊಳ್ಳಬೇಕೆಂಬುದು ನಮಗೆ ಇನ್ನೂ ತಿಳಿದಿಲ್ಲ. ಊರಿನ ಹಿರಿಯರೊಬ್ಬರಲ್ಲಿ ಹೇಳಿಕೊಂಡೆವು. “ಬಾವಿಗೆ ನೀರ ಬಂದದಲ್ಲಾ, ಅದನ್ನ ನೋಡ್ರಿ ನೀವು” ಎಂದರು. ಉತ್ತರವಿಲ್ಲದೆ ಬಂದೆವು. ಆದರೆ ಬಾವಿಗೆ ನೀರು ತರುವಾಗ ಹುಡುಗರಿಗೆಂದು ಒಂದು ಕೈಯಗಲದ ಇಳಿಜಾರನ್ನು ಬಿಡಲು ಆಗುತ್ತಿರಲಿಲ್ಲವೆ? ಕೇಳಿದವರು ಯಾರೂ ಇರಲಿಲ್ಲ. ನಾವೂ ಇರಲಿಲ್ಲ, ನಗರಗಳಲ್ಲಿದ್ದೆವು.

ಮಂಜಿನ ಕೆರೆಯ ಕಷ್ಟ ಬೇರೊಂದು ಬಗೆಯದು. ಅಲ್ಲಿ ಚಳಿಯೇ ಕಡಿಮೆಯಾಗುತ್ತಿದೆ. ಒಟ್ಟಾವಾ ನಗರದ ರೀಡೋ ಕಾಲುವೆಯು ಚಳಿಗಾಲದಲ್ಲಿ 7.8 ಕಿಲೋಮೀಟರ್ ಉದ್ದದ ಜಾರುದಾರಿಯಾಗುತ್ತದೆ. 1970–71ರ ಚಳಿಗಾಲದಿಂದ ವರ್ಷವರ್ಷವೂ ತೆರೆಯುತ್ತ ಬಂದ ಅದು 2022–23ರಲ್ಲಿ ಮಂಜು ಸಾಲದೆ ಒಂದು ದಿನವೂ ತೆರೆಯಲಿಲ್ಲ. ಅದೇ ದೇಶದ ವಿಲ್ಫ್ರಿಡ್ ಲೋರಿಯರ್ ವಿಶ್ವವಿದ್ಯಾನಿಲಯದ ಭೂಗೋಳಶಾಸ್ತ್ರಜ್ಞರು 2013ರಲ್ಲಿ ಒಂದು ಯೋಜನೆಯನ್ನು ಹೂಡಿದರು. ಮನೆಯ ಹಿತ್ತಿಲಿನ ಮಂಜಿನ ಅಂಗಳದಲ್ಲಿ ಇಂದು ಆಡಲಾಯಿತೋ ಇಲ್ಲವೋ ಎಂಬುದನ್ನು ಜನರೇ ದಿನದಿನವೂ ಬರೆದು ತಿಳಿಸಬೇಕು. ಅದರಿಂದ ಹವೆಯ ಬದಲಾವಣೆಯನ್ನು ತಿಳಿಯಬೇಕು. ಮಕ್ಕಳ ಆಟದ ದಿನಗಳನ್ನು ಎಣಿಸಿ ಲೋಕದ ಜ್ವರವನ್ನು ಅಳೆಯುವುದೆಂದರೆ ವಿದ್ವಾಂಸರ ಕೆಲಸಗಳಲ್ಲಿ ಇದು ಮನಸ್ಸಿಗೆ ಹತ್ತಿರವಾದುದು. ನಮ್ಮ ಕೆರೆಯ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಸಂಘಟಿತವಾದ ಹಾಕಿಯು ಈ ನೆಲಗಳನ್ನು ಬಹು ಮುಂಚೆಯೇ ಬಿಟ್ಟುಹೋಯಿತು. 1976ರಲ್ಲಿ ಅದೇ ಮಾಂಟ್ರಿಯಾಲಿನ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಹಾಸಿನ ಮೇಲೆ ಹಾಕಿಯಾಡಿಸಿದರು. ಭಾರತವು ಏಳನೆಯ ಸ್ಥಾನಕ್ಕಿಳಿಯಿತು. ಕೊಡಗಿನವರು ಮಾತ್ರ 1997ರಿಂದ ಮನೆತನಮನೆತನಗಳ ತಂಡಗಳನ್ನು ಕಟ್ಟಿ ಹಾಕಿಯನ್ನು ಊರಹಬ್ಬವಾಗಿಯೇ ಉಳಿಸಿಕೊಂಡಿದ್ದಾರೆ. ಅದನ್ನು ಕುರಿತು ಮಾತನಾಡುವ ಅಧಿಕಾರ ಆ ಸೀಮೆಯವರದು.

ಕಳೆದ ಚಳಿಗಾಲದಲ್ಲಿ ಖಾನಾಪುರಕ್ಕೆ ಹೋಗಿದ್ದೆವು. ಸಾಯಂಕಾಲ ಹಳೆಯ ಏರಿಯ ಮೇಲೆ ನಡೆದೆವು. ಕೆರೆಯ ತುಂಬ ನೀರಿತ್ತು. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ತೆಗೆದ ಹೂಳನ್ನು ಕೋಡಿಯ ಬದಿಗೆ ಸುರಿದು ಸಮಮಾಡಿದ್ದರು. ಆ ಮಣ್ಣಿನ ದಿಬ್ಬ ಒಣಗಿ, ತುಳಿತಕ್ಕೆ ಸಿಕ್ಕಿ, ಎರಡು ಬಂಡಿಗಳಗಲದ ಪಟ್ಟಿಯಾಗಿತ್ತು. ಅದರ ಮೇಲೆ ಎಂಟೊಂಬತ್ತು ಮಂದಿ ಆಡುತ್ತಿದ್ದರು. ಅವರಲ್ಲಿ ಹುಡುಗಿಯರು ಮೂವರು, ನಮ್ಮ ಕಾಲದಲ್ಲಿ ಅದಿರಲಿಲ್ಲ. ಎರಡು ಕೋಲು ಅಂಗಡಿಯವು, ಮಿಕ್ಕವು ಗಿಡದವು. ಚೆಂಡು ಹಸುರು ಬಣ್ಣದ ಟೆನಿಸ್ ಚೆಂಡು. ಒಂದು ಕಡೆ ಇಳಿಜಾರು ನೇರವಾಗಿ ನೀರಿಗೇ ಇಳಿಯುತ್ತಿತ್ತು. ನಾವು ನಿಂತುದನ್ನು ಕಂಡು ಗೋಲಿನಲ್ಲಿದ್ದ ಹುಡುಗಿಯೊಬ್ಬಳು ಕೂಗಿ ಹೇಳಿದಳು:

“ಕಾಕಾ, ಸುಮ್ನ ನಿಂತೀರಲ್ಲಾ, ಆ ಕಡೆ ಸ್ವಲ್ಪ ಸರೀರಿ. ಚೆಂಡ ನೀರಿಗಿ ಹೋಗದಂಗ ನಿಂದರಸ್ರಿ.”

ನಾವು ಚಪ್ಪಲಿಗಳನ್ನು ಬಿಟ್ಟು ನೀರಿನ ಕಡೆಗೆ ಹೋಗಿ ನಿಂತೆವು. ಕತ್ತಲಾಗುವವರೆಗೆ ಏಳು ಚೆಂಡುಗಳನ್ನು ನಿಲ್ಲಿಸಿದೆವು, ಎರಡು ಹೋದುವು.